ಟೀಚರ್ ಮನಸ್ಸು, ಮಕ್ಕಳ ಉತ್ಸಾಹ

1/2ಕ್ಕೆ 1/3 ಕೂಡಿಸಿ, ಹುಡುಗಿ 2/5 ಅಂತ ಬರೆದಿದ್ದಾಳೆ. ಮನಸ್ಸು ಹಗುರವಾಗಿರೋ ಟೀಚರ್, "ಛೇದ ಯಾಕೆ ಕೂಡಿಸ್ದೆ, ಹೇಳು ನೋಡೋಣ" ಅಂತಾರೆ. ದಣಿದವರ ಬಾಯಲ್ಲಿ, "ಇಷ್ಟೂ ಬರಲ್ವಾ? ಪರೀಕ್ಷೇಲಿ ಏನ್ ಬರೀತೀಯ?" ಮೊದಲನೇ ಮಾತಿಗೆ ಹುಡುಗಿ ಯೋಚಿಸ್ತಾಳೆ. ಎರಡನೇದಕ್ಕೆ ಪಕ್ಕದವಳ ನೋಟ್‌ಬುಕ್‌ಗೆ ಇಣುಕ್ತಾಳೆ.

ಟೀಚರನ್ನ ದೂರಬೇಡಿ. ಕೇಳಿ ತಿಳ್ಕೊಳ್ಳೋಕೆ ತಾಳ್ಮೆ ಉಳಿದಿರಬೇಕು. ಗದರೋಕೆ ಅದೇನೂ ಬೇಡ. ಕೆನಡಾದ ಶಿಕ್ಷಕರ ಬಗ್ಗೆ 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ ಕಂಡಿದ್ದು ಇದೇ: ಒತ್ತಡ ಹೆಚ್ಚು ಅನ್ನಿಸಿದಷ್ಟೂ ಶಿಕ್ಷಕರ ಸ್ವಂತ ಉತ್ಸಾಹ ಕಮ್ಮಿ, ಮಕ್ಕಳಿಗೆ ಕೊಡೋ ಸ್ವಾತಂತ್ರ್ಯವೂ ಕಮ್ಮಿ.

ನಮ್ಮಲ್ಲಂತೂ ಎಸ್‌ಎಸ್‌ಎಲ್‌ಸಿ ಫಲಿತಾಂಶ, ಬಿಸಿಯೂಟದ ಲೆಕ್ಕ, ಗಣತಿ, ಚುನಾವಣೆ ಡ್ಯೂಟಿ ಎಲ್ಲ ಅವರ ಹೆಗಲ ಮೇಲೇ.

ಮುಂದಿನ ಎಸ್‌ಡಿಎಂಸಿ ಸಭೇಲಿ ರಿಸಲ್ಟ್ ಕೇಳೋ ಮೊದಲು, "ಮೇಡಂ, ಯಾವ ಕೆಲಸಕ್ಕೆ ನಾವು ಕೈಜೋಡಿಸ್ಬೋದು?" ಅಂತ ಕೇಳಿ.