ಕಾಯಿಪಲ್ಯಗಳ ಬಾಳಿಕೆಯೂ ಪ್ಲಾಸ್ಟಿಕ್ ಚೀಲಗಳೂ

ಬೆಳೆಯನ್ನು ಬೆಳೆಯುವುದರಲ್ಲಿ ವಹಿಸುವಷ್ಟೇ ಜಾಗರೂಕತೆಯನ್ನು ಕೊಯಿಲಾದ ಮೇಲೆಯೂ ವಹಿಸದಿದ್ದರೆ, ಬೇಸಾಯಗಾರನ ಶ್ರಮದ ಫಲವು ಮಾರುಕಟ್ಟೆಯ ದಾರಿಯಲ್ಲಿಯೇ ನಷ್ಟವಾಗುವುದು. ಈಚೆಗೆ ನಾನು ಸರ್ಕೀಟಿನಲ್ಲಿದ್ದಾಗ ಜಮೀನುದಾರರೊಬ್ಬರು ಮಧ್ಯಾಹ್ನದ ಬಿಸಿಲಿನಲ್ಲಿ ಕೀಳಿಸಿದ ಹುರುಳಿಕಾಯಿಯನ್ನು ಪಾಲಿಥೀನ್ ಚೀಲಗಳಲ್ಲಿ ತುಂಬಿ, ಬಾಯಿಯನ್ನು ಬಿಗಿಯಾಗಿ ಕಟ್ಟಿಸಿ, ರಾತ್ರಿ ಲಾರಿಯಲ್ಲಿ ಕಳುಹಿಸಿದರು. ಬೆಳಿಗ್ಗೆ ಬಿಚ್ಚಿ ನೋಡಲಾಗಿ ಒಳಗೆಲ್ಲಾ ನೀರು ಬೆವೆತು, ಕಾಯಿಗಳು ಲೋಳೆಯಾಗಿ ಹುಳಿನಾತ ಹೊಡೆಯುತ್ತಿದ್ದುವು. “ಪ್ಲಾಸ್ಟಿಕ್ಕಿನಲ್ಲಿಟ್ಟರೆ ಮಾಲು ಕೆಡುವುದಿಲ್ಲವೆನ್ನುತ್ತಾರಲ್ಲಾ ಸ್ವಾಮಿ, ಇದೇಕೆ ಹೀಗಾಯಿತು?” ಎಂದು ಅವರು ಕೇಳಿದರು. ಈ ಪ್ರಶ್ನೆಯ ಉತ್ತರವನ್ನು ಎಲ್ಲರೂ ತಿಳಿದಿರುವುದು ಅವಶ್ಯಕವಾದುದು.

ಗಿಡದಿಂದ ಕಿತ್ತ ಮೇಲೆಯೂ ಕಾಯಿಗಳಿಗೂ ಸೊಪ್ಪಿಗೂ ಜೀವವಿರುತ್ತದೆ. ಅವು ಆಮ್ಲಜನಕವನ್ನು ಹೀರಿ, ಇಂಗಾಲಾಮ್ಲವನ್ನೂ ನೀರಿನ ಆವಿಯನ್ನೂ ಶಾಖವನ್ನೂ ಹೊರಕ್ಕೆ ಬಿಡುತ್ತವೆ. ಶಾಖವು 10 ಡಿಗ್ರಿ ಸೆಂಟಿಗ್ರೇಡು ಹೆಚ್ಚಿದರೆ ಈ ಉಸಿರಾಟವು ಸುಮಾರು ಎರಡು ಮೂರು ಪಟ್ಟು ಹೆಚ್ಚುವುದು. ಬಾಳಿಕೆಯು ಅದಕ್ಕೆ ತಕ್ಕಂತೆ ತಗ್ಗುವುದು. ಅಲ್ಲದೆ, ತೂಕದಲ್ಲಿ ನೂರಕ್ಕೆ ಐದರಷ್ಟು ನೀರು ಆರಿಹೋದರೂ ಸಾಕು, ಅನೇಕ ತರಕಾರಿಗಳು ಬಾಡಿ ಬೆಲೆಯನ್ನು ಕಳೆದುಕೊಳ್ಳುತ್ತವೆ.

1933 ರಲ್ಲಿ ಇಂಗ್ಲೆಂಡಿನಲ್ಲಿ ಕಂಡುಹಿಡಿಯಲ್ಪಟ್ಟ ಪಾಲಿಥೀನಿಗೆ ನೀರಿನ ಆವಿಯನ್ನು ತಡೆಯುವ ಗುಣವಿದೆ. ಆದುದರಿಂದ ಅದರೊಳಗಿಟ್ಟ ಸೊಪ್ಪು, ಸೌತೆಕಾಯಿ ಮುಂತಾದುವು ಬೇಗನೆ ಬಾಡುವುದಿಲ್ಲ. ಆದರೆ ಗಾಳಿಯು ಅದರ ಮೂಲಕ ನಿಧಾನವಾಗಿಯೇ ಹಾದುಹೋಗುವುದು. ಬಿಸಿಯಾದ ಮಾಲನ್ನು ತುಂಬಿ ಬಾಯಿ ಕಟ್ಟಿದರೆ ಒಳಗಿನ ಆಮ್ಲಜನಕವು ಮುಗಿದು, ಕಾಯಿಯು ಹುಳಿಯಲಾರಂಭಿಸುವುದು. ರಾತ್ರಿಯ ತಂಪಿಗೆ ಆವಿಯು ಹನಿಗಟ್ಟಿ ಬೂಷ್ಟಿಗೂ ಕೊಳೆರೋಗಕ್ಕೂ ಅನುಕೂಲವಾಗುವುದು. ಮೇಲೆ ಹೇಳಿದ ಜಮೀನುದಾರರಿಗೆ ಒದಗಿದ ನಷ್ಟಕ್ಕೆ ಇದೇ ಕಾರಣ. ಪ್ಲಾಸ್ಟಿಕ್ಕು ತಾನಾಗಿ ಮಾಲನ್ನು ತಂಪುಮಾಡಲಾರದು. ಒಳಗೆ ಇಟ್ಟ ಸ್ಥಿತಿಯನ್ನು ಹಿಡಿದಿಡುವುದಷ್ಟೇ ಅದರ ಕೆಲಸ. 2022 ರಲ್ಲಿ ಇಂಗ್ಲೆಂಡಿನ ವ್ರಾಪ್ ಎಂಬ ಸಂಸ್ಥೆಯವರು ಸೇಬು, ಬಾಳೆಹಣ್ಣು, ಆಲೂಗೆಡ್ಡೆ ಮುಂತಾದ ಐದು ಪದಾರ್ಥಗಳನ್ನು ಪರೀಕ್ಷಿಸಿ, ಬಾಳಿಕೆಯನ್ನು ಹೆಚ್ಚಿಸುವುದರಲ್ಲಿ ಪ್ಲಾಸ್ಟಿಕ್ ಹೊದಿಕೆಗಿಂತ ತಕ್ಕ ತಂಪೇ ಮುಖ್ಯವೆಂದು ಪ್ರಕಟಿಸಿದರು.

ಆದಕಾರಣ ಈ ಕೆಳಗಿನ ಕ್ರಮಗಳನ್ನು ಅನುಸರಿಸತಕ್ಕದ್ದು:

1. ಬಿಸಿಲೇರುವುದಕ್ಕೆ ಮುಂಚೆಯೇ ಕೊಯ್ದು, ಕೂಡಲೇ ನೆರಳಿಗೆ ಸಾಗಿಸಬೇಕು. ಪೆಟ್ಟುಬಿದ್ದುವನ್ನೂ ಕೊಳೆತುವನ್ನೂ ಆರಿಸಿ ತೆಗೆಯಬೇಕು.

2. ಚೆನ್ನಾಗಿ ತಂಪಾದ ಮೇಲೆಯೇ ತುಂಬಬೇಕು. ಇದಕ್ಕೆ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯವರು ತೋರಿಸಿಕೊಟ್ಟ ಇಟ್ಟಿಗೆಯ ತಂಪುಗೂಡು ಬಹಳ ಉಪಯುಕ್ತವಾದುದು. ಎರಡು ಸಾಲು ಇಟ್ಟಿಗೆಯ ಗೋಡೆಗಳ ನಡುವೆ 7.5 ಸೆಂಟಿಮೀಟರು ಅಂತರವಿಟ್ಟು, ಅದರಲ್ಲಿ ಮರಳನ್ನು ತುಂಬಿ ದಿನಕ್ಕೆರಡು ಸಾರಿ ನೀರು ಚಿಮುಕಿಸಬೇಕು. ಒಣ ಬೇಸಗೆಯಲ್ಲಿ ಒಳಗಿನ ಶಾಖವು ಹೊರಗಿನದಕ್ಕಿಂತ 10 ರಿಂದ 15 ಡಿಗ್ರಿ ಕಡಿಮೆಯಾಗುವುದು. ವಿದ್ಯುಚ್ಛಕ್ತಿಯ ಖರ್ಚು ಏನೂ ಇಲ್ಲ.

3. ಚೀಲವನ್ನು ಉಪಯೋಗಿಸುವುದಾದರೆ ತೂತುಗಳುಳ್ಳದ್ದನ್ನೇ ಉಪಯೋಗಿಸಬೇಕು. ಈರುಳ್ಳಿ, ಬೆಳ್ಳುಳ್ಳಿಗಳಿಗೆ ಗಾಳಿಯಾಡುವ ಬಲೆಚೀಲವೇ ತಕ್ಕದ್ದು.

4. ಮಾಗುವ ಬಾಳೆಹಣ್ಣು, ಟೊಮ್ಯಾಟೊಗಳ ಜೊತೆಯಲ್ಲಿ ಸೊಪ್ಪನ್ನು ಇಡಕೂಡದು. ಹಣ್ಣು ಬಿಡುವ ಎಥಿಲೀನ್ ವಾಯುವಿನಿಂದ ಸೊಪ್ಪು ಹಳದಿಯಾಗುವುದು.

5. ದೂರದ ಸಾಗಣೆಗೆ ಗೋಣಿಗಿಂತ ಗಟ್ಟಿಯಾದ ಪ್ಲಾಸ್ಟಿಕ್ ಕ್ರೇಟುಗಳು ಮೇಲು. ಕಾಯಿ ನಲುಗುವುದಿಲ್ಲ, ತೊಳೆದು ಅನೇಕ ವರ್ಷಗಳು ಉಪಯೋಗಿಸಬಹುದು.

ಎಸೆದ ಚೀಲಗಳನ್ನು ಮೇವಿನೊಡನೆ ನುಂಗಿದ ದನಗಳ ಹೊಟ್ಟೆಯಲ್ಲಿ ಅವು ಗಂಟುಕಟ್ಟಿ ಪ್ರಾಣಾಪಾಯವಾಗುವುದುಂಟು. ಕರ್ನಾಟಕ ಸರ್ಕಾರದವರು 2016 ರಲ್ಲಿಯೇ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿರುವರು. ಹರಿದ ಚೀಲವನ್ನು ಹೊಲದಲ್ಲಾಗಲಿ ತಿಪ್ಪೆಯಲ್ಲಾಗಲಿ ಬಿಸಾಡದಂತೆ ಗ್ರಾಮದ ಮುಖಂಡರು ನೋಡಿಕೊಳ್ಳಬೇಕು. ಊರಿಗೊಂದು ತಂಪುಗೂಡನ್ನು ಅವರೇ ಮೊದಲು ಕಟ್ಟಿಸಿ ತೋರಿಸಿದರೆ, ಸಣ್ಣ ಹಿಡುವಳಿದಾರರೂ ಅದನ್ನು ಕಂಡು ಅನುಸರಿಸುವರೆಂಬುದರಲ್ಲಿ ಸಂದೇಹವಿಲ್ಲ.