ಕಂಥೆ, ಕಂತೆ, ಕೌದಿ

ಹಳೆಯ ವಸ್ತ್ರಗಳ ಬಣ್ಣಬಣ್ಣದ ತುಂಡುಗಳನ್ನು ಪದರಪದರವಾಗಿ ಹಾಸಿ, ಎಲ್ಲವನ್ನೂ ಒಂದಾಗಿ ಹೊಲಿದ ಹೊದಿಕೆಗೆ ಉತ್ತರ ಕರ್ನಾಟಕದಲ್ಲಿ ಕೌದಿಯೆಂದು ಹೆಸರು. ಮನೆಯಲ್ಲಿ ಶಿಶುವು ಜನಿಸಿದಾಗ ಹಿರಿಯ ಹೆಂಗಸರು ಚಿಕ್ಕ ಕೌದಿಯೊಂದನ್ನು ಹೊಲಿದು ಕೊಡುವುದು ರೂಢಿಯಲ್ಲಿರುವ ಉಡುಗೊರೆ. ಸಂಸ್ಕೃತ ಕಾವ್ಯಗಳ ಪಾಠದಲ್ಲಿ ಕಂಥಾಶಬ್ದಕ್ಕೆ ಕೌದಿಯೆಂದು ಅರ್ಥ ಹೇಳುವುದುಂಟು. ಕೌದಿಯನ್ನು ಚಿಂದಿಯ ಹೊದಿಕೆಯೆಂದು ವಿವರಿಸುವುದೂ ಉಂಟು. ಈ ಅರ್ಥಗಳು ಸ್ವತಃ ತಪ್ಪಲ್ಲ. ಆದರೆ ಇವುಗಳ ನಡುವಣ ಒಂದು ಭೇದವನ್ನು ಗಮನಿಸದಿದ್ದರೆ ಕಾವ್ಯಾರ್ಥವೂ ಕೆಡುವುದು, ಲೋಕಾಚಾರವೂ ಅಪಾರ್ಥಕ್ಕೆ ಗುರಿಯಾಗುವುದು.

ಮೊದಲು ಶಬ್ದವಿಚಾರ. ಮಾಲಾ ಎಂಬುದು ಮಾಲೆಯಾದಂತೆ, ಕಥಾ ಎಂಬುದು ಕತೆಯಾದಂತೆ, ಕಂಥಾ ಎಂಬುದು ಕನ್ನಡದಲ್ಲಿ ಕಂತೆಯಾಗಿದೆ. ಹುಲ್ಲಿನ ಕಂತೆ, ಕಾಗದದ ಕಂತೆ ಎಂಬಲ್ಲಿ ಅದಕ್ಕೆ ಕಟ್ಟು ಎಂಬ ಅರ್ಥ ಬಂದಿದ್ದರೂ, ‘ಕಂತೆಗೆ ತಕ್ಕ ಬೊಂತೆ’ ಎಂಬ ಗಾದೆಯಲ್ಲಿ ಹೊದಿಕೆಯೆಂಬ ಅರ್ಥವು ಉಳಿದಿದೆ. ಬೊಂತೆಯೆಂಬುದೂ ಅಂಥದೇ ಹೊದಿಕೆ. ಪಾಣಿನಿಯು (2.4.20) ಉಶೀನರದೇಶದ ಊರುಗಳ ಹೆಸರಿನ ಕೊನೆಯಲ್ಲಿ ಹೇಳುವ ಕಂಥಾಶಬ್ದವಾದರೋ ಸ್ಥಳವಾಚಕವು, ಅದನ್ನು ಇದರೊಡನೆ ಬೆರೆಸಲಾಗದು.

ಇನ್ನು ವಸ್ತುವಿಚಾರ. ರಜಾಯಿಯೊಳಗೆ ಅರಳೆ ತುಂಬಿರುವುದು. ಕೌದಿಯಲ್ಲಿ ಬಟ್ಟೆಯ ಮೇಲೆ ಬಟ್ಟೆಯೇ ಇರುವುದು. ಅಡಿಗೆ ಹಳೆಯ ಸೀರೆಯನ್ನು ಹಾಸಿ, ಅದರ ಮೇಲೆ ತುಂಡುಗಳನ್ನಿಟ್ಟು, ಅವುಗಳ ಅಂಚನ್ನು ಒಳಕ್ಕೆ ಮಡಿಸಿ, ಎಲ್ಲ ಪದರಗಳನ್ನೂ ಹಿಡಿಯುವಂತೆ ಸಾಲುಸಾಲಾಗಿ ಸರಳವಾದ ಹೊಲಿಗೆ ಹಾಕುವರು. ಹಳೆಯ ಅರಿವೆಯನ್ನು ಆರಿಸುವುದಕ್ಕೆ ಮಿತವ್ಯಯವೊಂದೇ ಕಾರಣವಲ್ಲ. ಹೊಸ ಬಟ್ಟೆಯಲ್ಲಿ ಗಂಜಿಯ ಬಿರುಸಿರುವುದು. ಹಲವು ಸಲ ಒಗೆದ ಹತ್ತಿಬಟ್ಟೆಯು ಮೃದುವಾಗಿ ಎಳೆಯ ಮೈಗೆ ಹಿತವಾಗುವುದು, ಸೂಜಿಯೂ ಸುಲಭವಾಗಿ ಸಾಗುವುದು. ಹರಿದೆಡೆಗೆ ಮತ್ತೊಂದು ತುಂಡನ್ನು ಹಚ್ಚಬಹುದಾದ್ದರಿಂದ ಇದು ಬಹುಕಾಲ ಬಾಳುವುದು.

ಈ ಕಲೆಗೆ ವಿಶಿಷ್ಟ ನಿದರ್ಶನವು ಉತ್ತರ ಕನ್ನಡ ಜಿಲ್ಲೆಯ ಸಿದ್ದಿಯರಲ್ಲಿದೆ. ಇವರ ಪೂರ್ವಜರು ಆಫ್ರಿಕಾ ಖಂಡದಿಂದ ಬಂದವರು. ಅನೇಕರು ಪೋರ್ಚುಗೀಸರ ಕಾಲದಲ್ಲಿ ಗುಲಾಮರಾಗಿ ತರಲ್ಪಟ್ಟವರು. 2003ರಲ್ಲಿ ಇವರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆಯಿತು. ಸಿದ್ದಿ ಸ್ತ್ರೀಯರು ಕವಂದಿಯೆಂದು ಕರೆಯುವ ಕೌದಿಯನ್ನು ಅಂಚಿನಿಂದ ಆರಂಭಿಸಿ, ಸುತ್ತಿ ಸುತ್ತಿ ನಡುವಿನವರೆಗೆ ಹೊಲಿಯುವರು. ಕೊನೆಗೆ ನಾಲ್ಕು ಮೂಲೆಗಳಲ್ಲಿಯೂ ಮಡಿಸಿದ ತ್ರಿಕೋಣದ ತುಂಡುಗಳನ್ನು ಕೂಡಿಸುವರು. ಇವಕ್ಕೆ ‘ಫೂಲ’, ಅಂದರೆ ಹೂವು, ಎಂದು ಹೆಸರು. ಹೂವಿಲ್ಲದ ಕವಂದಿಯು ಅವರ ದೃಷ್ಟಿಯಲ್ಲಿ ಪೂರ್ಣವಾದುದಲ್ಲ. ಕೇವಲ ಚಳಿಗಾಗಿ ಹೊಲಿದುದಾದರೆ ಮೂಲೆಗಳಿಗೆ ಈ ಹೂವು ಬೇಕಾಗಿರಲಿಲ್ಲ. ಬಂಗಾಳದ ಕಾಂಥಾ, ಬಿಹಾರದ ಸುಜನಿ ಇವೂ ಹಳೆಯ ಬಟ್ಟೆಯಿಂದಲೇ ಆದ ಹೊದಿಕೆಗಳು. ಹಸುಗೂಸನ್ನು ಸುತ್ತಲು ಅಲ್ಲಿಯೂ ಇವನ್ನು ಬಳಸಿದ್ದಾರೆ.

ಆದರೆ ಕಾವ್ಯದ ಕಂಥೆ ಬೇರೆ. ಭರ್ತೃಹರಿಯ ವೈರಾಗ್ಯಶತಕದಲ್ಲಿ ಕಂಥೆಯು ನೂರು ತೇಪೆಗಳ ಕೌಪೀನದೊಡನೆ ವಿರಕ್ತನ ಲಕ್ಷಣವಾಗಿ ಬರುವುದು. ಮೋಹಮುದ್ಗರದ ಯೋಗಿಯ ಕಂಥೆ ಬೀದಿಯಲ್ಲಿ ಬಿದ್ದ ಚಿಂದಿಯದು. ಬೌದ್ಧಭಿಕ್ಷುವಿನ ಪಾಂಸುಕೂಲಚೀವರವೂ ಜನರು ಬಿಸುಟ ಬಟ್ಟೆಯಿಂದಾದುದೇ. ಇಲ್ಲೆಲ್ಲ ತುಂಡುಗಳಿಗೆ ಒಡೆಯರಿಲ್ಲ. ಯಾರದೂ ಅಲ್ಲದ ವಸ್ತುವೆಂದೇ ಅದು ನಿರ್ಮಮನಾದವನಿಗೆ ಯೋಗ್ಯವಾಗಿದೆ. ಮಗುವಿನ ಕೌದಿಯಲ್ಲಿಯಾದರೋ ಪ್ರತಿಯೊಂದು ತುಂಡಿಗೂ ಒಡೆಯರುಂಟು: ಇದು ಅಜ್ಜಿಯ ಸೀರೆ, ಇದು ತಂದೆಯ ಅಂಗಿ, ಇದು ಅಕ್ಕನ ಲಂಗವೆಂದು ಬೆರಳಿಟ್ಟು ತೋರಿಸಬಹುದು. ಹೊಲಿಗೆ ಒಂದೇ, ಒಂದು ಕಡೆ ಅದು ಸಂಬಂಧಗಳನ್ನು ತೊರೆದುದರ ಗುರುತು, ಮತ್ತೊಂದು ಕಡೆ ಸಂಬಂಧಗಳನ್ನು ಕೂಡಿಸಿದುದರ ಗುರುತು.

ಆದಕಾರಣ ಕಂಥೆಯನ್ನು ಕೌದಿಯೆಂದು ಅನುವಾದಿಸುವ ಅಧ್ಯಾಪಕರು ಈ ಭೇದವನ್ನೂ ಒಡನೆಯೇ ತಿಳಿಸುವುದು ಯುಕ್ತವು. ಇಲ್ಲವಾದರೆ, ಅಜ್ಜಿಯ ಕೌದಿಯಲ್ಲಿ ಮಲಗಿ ಬೆಳೆದ ವಿದ್ಯಾರ್ಥಿಗೆ ಕವಿಯು ಹೇಳಿದ ವೈರಾಗ್ಯವೂ ತಿಳಿಯದು. ತನ್ನ ಮನೆಯ ಉಡುಗೊರೆಯೂ ದಾರಿದ್ರ್ಯದ ಚಿಹ್ನೆಯಾಗಿ ಕಂಡೀತು.