ರೆಸಾರ್ಟ್ ಬಡಾವಣೆಗಳ ಪ್ರವರ್ತಕರು ನೀಡಿದ ಭರವಸೆಗಳು: ನಾಗರಿಕರಿಗೆ ಲಭ್ಯವಿರುವ ಪರಿಹಾರಗಳು

ಮೂಡಿಗೆರೆ ತಾಲ್ಲೂಕಿನ ಗೋಣಿಬೀಡು ಹೋಬಳಿಯಂತಹ ಕಾಫಿ ಬೆಳೆಯುವ ಪ್ರದೇಶಗಳಲ್ಲಿ ತೋಟದ ನಡುವೆ ನಿವೇಶನ ಅಥವಾ ವಿಲ್ಲಾ ಖರೀದಿಸುವವರಿಗೆ ಪ್ರವರ್ತಕರು ರಸ್ತೆ, ಕುಡಿಯುವ ನೀರು, ಚರಂಡಿ, ಕ್ಲಬ್ ಹೌಸ್ ಮುಂತಾದ ಸೌಲಭ್ಯಗಳ ಭರವಸೆ ನೀಡುವುದುಂಟು. ಹಣ ಪಾವತಿಸಿದ ನಂತರ ಇವು ಈಡೇರದಿದ್ದಲ್ಲಿ ಬಾಯಿಮಾತನ್ನು ರುಜುವಾತುಪಡಿಸುವುದು ಕಷ್ಟಕರ. ಆದುದರಿಂದ ಭರವಸೆಯು ಯಾವ ದಾಖಲೆಯಲ್ಲಿದೆ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳುವುದು ಅವಶ್ಯಕ.

1. ನೋಂದಾಯಿತ ಯೋಜನೆಗಳು

ರಿಯಲ್ ಎಸ್ಟೇಟ್ (ನಿಯಂತ್ರಣ ಮತ್ತು ಅಭಿವೃದ್ಧಿ) ಅಧಿನಿಯಮ, 2016ರ ಮೇರೆಗೆ, 500 ಚದರ ಮೀಟರ್ ಅಥವಾ 8 ಮನೆಗಳನ್ನು ಮೀರದ ಸಣ್ಣ ಯೋಜನೆಗಳನ್ನು ಹೊರತುಪಡಿಸಿ, ಇತರ ಯೋಜನೆಗಳನ್ನು ಮಾರಾಟಕ್ಕೆ ಮುನ್ನ ನೋಂದಾಯಿಸತಕ್ಕದ್ದು. ಸದರಿ ಅಧಿನಿಯಮದ ಮುಖ್ಯ ಉಪಬಂಧಗಳು ಇಂತಿವೆ:

ಅ) ಕಲಂ 12: ಜಾಹೀರಾತು ಅಥವಾ ವಿವರಣಾ ಪುಸ್ತಿಕೆಯಲ್ಲಿನ ಸುಳ್ಳು ಹೇಳಿಕೆಯನ್ನು ನಂಬಿ ನಷ್ಟ ಅನುಭವಿಸಿದವರಿಗೆ ಪ್ರವರ್ತಕರು ಪರಿಹಾರ ನೀಡತಕ್ಕದ್ದು.
ಆ) ಕಲಂ 13: ಲಿಖಿತ ಮಾರಾಟ ಕರಾರನ್ನು ನೋಂದಾಯಿಸದೆ ಬೆಲೆಯ ಶೇ. 10ಕ್ಕಿಂತ ಹೆಚ್ಚಿನ ಮುಂಗಡವನ್ನು ಪಡೆಯುವಂತಿಲ್ಲ.
ಇ) ಕಲಂ 14: ಮಂಜೂರಾದ ವಿನ್ಯಾಸ ನಕ್ಷೆ ಅಥವಾ ಸಾಮೂಹಿಕ ಪ್ರದೇಶವನ್ನು ಬದಲಾಯಿಸಲು ಹಂಚಿಕೆ ಪಡೆದವರಲ್ಲಿ ಮೂರನೇ ಎರಡರಷ್ಟು ಮಂದಿಯ ಲಿಖಿತ ಒಪ್ಪಿಗೆ ಅಗತ್ಯ.
ಈ) ಕಲಂ 18: ಕರಾರಿನಂತೆ ಸ್ವಾಧೀನ ನೀಡದಿದ್ದಲ್ಲಿ ಬಡ್ಡಿಸಹಿತ ಹಣ ವಾಪಸು ಕೋರಬಹುದು, ಯೋಜನೆಯಲ್ಲಿ ಮುಂದುವರಿಯುವವರು ವಿಳಂಬದ ಅವಧಿಗೆ ಬಡ್ಡಿ ಪಡೆಯಬಹುದು.

ಬಾಧಿತರು ಅಥವಾ ಅವರ ಸಂಘವು ಕಲಂ 31ರಡಿ ಕರ್ನಾಟಕ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರಕ್ಕೆ ದೂರು ಸಲ್ಲಿಸಬಹುದು. ಆದೇಶಿತ ಬಡ್ಡಿ, ದಂಡ ಹಾಗೂ ಪರಿಹಾರವನ್ನು ಪಾವತಿಸದಿದ್ದಲ್ಲಿ ಭೂಕಂದಾಯದ ಬಾಕಿಯಂತೆ ವಸೂಲು ಮಾಡಲು ಅವಕಾಶವಿದೆ.

2. ಗ್ರಾಹಕ ಆಯೋಗ

ಯೋಜನೆಯು ನೋಂದಣಿಯಾಗದಿದ್ದರೂ, ಅಭಿವೃದ್ಧಿಪಡಿಸಿ ಕೊಡುವುದಾಗಿ ಹೇಳಿ ನಿವೇಶನ ಮಾರಿದ್ದಲ್ಲಿ ಅದು ಸೇವೆಯೆನಿಸುತ್ತದೆ. ಪಾವತಿಸಿದ ಮೊತ್ತ 50 ಲಕ್ಷ ರೂ. ಮೀರದಿದ್ದಲ್ಲಿ ಜಿಲ್ಲಾ ಗ್ರಾಹಕ ಆಯೋಗಕ್ಕೆ, ವ್ಯಾಜ್ಯಕಾರಣ ಉಂಟಾದ 2 ವರ್ಷಗಳೊಳಗೆ ದೂರು ಸಲ್ಲಿಸತಕ್ಕದ್ದು.

ಬೆಂಗಳೂರಿನ ಬೇಗೂರು ಹೋಬಳಿಯ ವಸತಿ ಸಮುಚ್ಚಯವೊಂದಕ್ಕೆ ಸಂಬಂಧಿಸಿದ ಡಿಎಲ್‌ಎಫ್ ಸದರ್ನ್ ಹೋಮ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ದಿನಾಂಕ 24-08-2020ರಂದು ನೀಡಿದ ತೀರ್ಪು ಇಲ್ಲಿ ಗಮನಾರ್ಹ. ಸೌಲಭ್ಯಗಳ ಬಗ್ಗೆ ನೀಡಿದ ಭರವಸೆಗೆ ಪ್ರವರ್ತಕರು ಹೊಣೆಗಾರರೆಂದೂ, ಕ್ರಯಪತ್ರ ಮಾಡಿಸಿಕೊಂಡ ಮಾತ್ರಕ್ಕೆ ವಿಳಂಬ ಪರಿಹಾರದ ಹಕ್ಕು ಇಲ್ಲವಾಗುವುದಿಲ್ಲವೆಂದೂ ನ್ಯಾಯಾಲಯ ತಿಳಿಸಿದೆ. ಆದುದರಿಂದ "ಈಗಾಗಲೇ ನೋಂದಣಿ ಮುಗಿದಿದೆ" ಎಂಬ ಉತ್ತರಕ್ಕೆ ಸುಮ್ಮನಾಗಬೇಕಿಲ್ಲ.

3. ಅಕ್ಕಪಕ್ಕದ ಗ್ರಾಮಸ್ಥರು

ಖರೀದಿದಾರರಲ್ಲದವರಿಗೂ ಮಾರ್ಗವಿದೆ. ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ ಕಲಂ 95ರಡಿ ನೀಡಲಾಗುವ ಭೂಪರಿವರ್ತನೆ ಆದೇಶವು ಷರತ್ತುಗಳಿಗೆ ಒಳಪಟ್ಟಿರುತ್ತದೆ. ಹಳ್ಳ ಮುಚ್ಚುವುದು, ದಾರಿ ತಡೆಯುವುದು ಮುಂತಾದವು ಷರತ್ತಿನ ಉಲ್ಲಂಘನೆ ಎಂದು ಕಂಡುಬಂದಲ್ಲಿ ತಹಶೀಲ್ದಾರರಿಗೆ ಅಥವಾ ಜಿಲ್ಲಾಧಿಕಾರಿಗಳಿಗೆ ಲಿಖಿತ ದೂರು ನೀಡಬಹುದು. ಆದೇಶದ ಹಾಗೂ ಅನುಮೋದಿತ ನಕ್ಷೆಯ ಪ್ರತಿಯನ್ನು ಮಾಹಿತಿ ಹಕ್ಕು ಅಧಿನಿಯಮ, 2005ರಡಿ 10 ರೂ. ಶುಲ್ಕದೊಂದಿಗೆ ಕೋರಬಹುದು, 30 ದಿನಗಳೊಳಗೆ ಉತ್ತರ ನೀಡತಕ್ಕದ್ದು.

4. ಕಾಯ್ದಿರಿಸಿಕೊಳ್ಳಬೇಕಾದ ದಾಖಲೆಗಳು

ಜಾಹೀರಾತು ಮತ್ತು ವಿವರಣಾ ಪುಸ್ತಿಕೆ, ಮಾರಾಟ ಕರಾರು, ಹಣ ಪಾವತಿ ರಸೀದಿಗಳು, ಅನುಮೋದಿತ ನಕ್ಷೆ, ಭೂಪರಿವರ್ತನೆ ಆದೇಶ, ಪ್ರವರ್ತಕರೊಂದಿಗಿನ ಪತ್ರ ವ್ಯವಹಾರ ಹಾಗೂ ಸ್ಥಳದ ದಿನಾಂಕಸಹಿತ ಛಾಯಾಚಿತ್ರಗಳು.

ಸಾರ್ವಜನಿಕರು ಮುಂಗಡ ಪಾವತಿಸುವ ಮುನ್ನವೇ ಪ್ರಾಧಿಕಾರದ ಜಾಲತಾಣದಲ್ಲಿ ಯೋಜನೆಯ ನೋಂದಣಿ ಸಂಖ್ಯೆಯನ್ನು ಪರಿಶೀಲಿಸಿ, ಪ್ರತಿಯೊಂದು ಭರವಸೆಯನ್ನೂ ಕರಾರಿನಲ್ಲಿ ನಮೂದಿಸಿಕೊಳ್ಳುವಂತೆ ಕೋರಲಾಗಿದೆ.